ಲಾಬ್‌ಸ್ಟರ್‌ನ ಬೆನ್ನಿನಲ್ಲಿರುವ ಹೃದಯ

ರಕ್ತವು ದೇಹದಲ್ಲಿ ಸುತ್ತುತ್ತಿರುತ್ತದೆ ಎಂಬುದನ್ನು 1628ರಲ್ಲಿ ಸಾಧಿಸಿ ತೋರಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ, ಥೇಮ್ಸ್ ನದಿಯಲ್ಲೂ ಕಡಲಲ್ಲೂ ಸಿಗುತ್ತಿದ್ದ ಪಾರದರ್ಶಕ ಸಿಗಡಿಯೊಂದನ್ನು ನೀರಿನಲ್ಲಿಟ್ಟು, ಅದರ ಹೃದಯದ ಬಡಿತವನ್ನು ಕಿಟಕಿಯ ಮೂಲಕ ಕಂಡಷ್ಟು ಸ್ಪಷ್ಟವಾಗಿ ತನ್ನ ಗೆಳೆಯರಿಗೂ ತೋರಿಸುತ್ತಿದ್ದುದಾಗಿ ಬರೆದಿದ್ದಾನೆ. ವಿಚಿತ್ರವೆಂದರೆ, ಆ ಸಿಗಡಿಯೊಳಗೆ ರಕ್ತ ಸುತ್ತುವುದು ನಿಜವಾದರೂ, ಹೃದಯಕ್ಕೆ ಮರಳುವ ದಾರಿಯ ಬಹುಭಾಗದಲ್ಲಿ ಅದಕ್ಕೆ ನಮ್ಮಲ್ಲಿರುವಂಥ ನಾಳಗಳೇ ಇಲ್ಲ.

ಸಿಗಡಿ, ಏಡಿ, ಲಾಬ್‌ಸ್ಟರ್‌ಗಳೆಲ್ಲ ಒಂದೇ ಬಳಗದವು. ಅವುಗಳ ಹೃದಯವಿರುವುದು ಬೆನ್ನಿನ ಕಡೆ, ಚಿಪ್ಪಿನ ಅಡಿಯಲ್ಲೇ. ಅಟ್ಲಾಂಟಿಕ್ ತೀರದ ಅಮೆರಿಕನ್ ಲಾಬ್‌ಸ್ಟರ್‌ನಲ್ಲಿ ಈ ಒಂಟಿ ಕೋಣೆಯ ಹೃದಯವು ರಕ್ತ ತುಂಬಿದ ಚೀಲವೊಂದರ ನಡುವೆ, ಸ್ಥಿತಿಸ್ಥಾಪಕ ತಂತುಗಳಿಂದ ತೂಗುಹಾಕಿದಂತೆ ನೆಲೆಸಿರುತ್ತದೆ. ಹೃದಯ ಕುಗ್ಗಿದಾಗ ಆ ತಂತುಗಳು ಹಿಗ್ಗುತ್ತವೆ. ಸ್ನಾಯು ಸಡಿಲವಾದ ಕೂಡಲೇ ಅವು ಹೃದಯವನ್ನು ಎಲ್ಲ ಕಡೆಯಿಂದಲೂ ಎಳೆದು ಅಗಲಿಸುವುದರಿಂದ, ಸುತ್ತಲಿನ ಚೀಲದ ರಕ್ತವು ಗೋಡೆಯಲ್ಲಿರುವ ಮೂರು ಜೊತೆ ಕಿಂಡಿಗಳ ಮೂಲಕ ಒಳನುಗ್ಗುತ್ತದೆ. ಈ ಹೃದಯಕ್ಕೆ ರಕ್ತ ತರುವ ಅಭಿಧಮನಿಯೊಂದೂ ನೇರವಾಗಿ ಬಂದು ಸೇರುವುದಿಲ್ಲ.

ಹೊರಹೋಗುವ ಅಪಧಮನಿಗಳು ಮಾತ್ರ ಏಳು. ಅವು ಕಣ್ಣು, ಮಿದುಳು, ಮೀಸೆ, ಜೀರ್ಣಗ್ರಂಥಿ ಮತ್ತು ಬಾಲಕ್ಕೆ ಸಾಗುತ್ತವೆ. ಇವುಗಳಲ್ಲಿ ಒಂದು ನೆಟ್ಟಗೆ ಕೆಳಗಿಳಿದು, ಹೊಟ್ಟೆಯ ಕಡೆಯಿರುವ ನರಹುರಿಯ ನಡುವೆಯೇ ತೂರಿಹೋಗಿ ಕಾಲುಗಳಿಗೂ ಕೊಂಡಿಗಳಿಗೂ ಕವಲೊಡೆಯುತ್ತದೆ. ಕವಲುಗಳ ತುದಿಯಲ್ಲಿ ರಕ್ತವು ಅಂಗಾಂಶಗಳ ನಡುವಿನ ಸಂದುಗಳಿಗೆ ಹರಿದು, ಜೀವಕೋಶಗಳನ್ನು ನೇರವಾಗಿ ತೋಯಿಸಿ, ಎದೆಯ ತಳದ ಕುಹರಗಳಲ್ಲಿ ಒಟ್ಟುಗೂಡಿ ಕಿವಿರುಗಳಿಗೆ ಏರುತ್ತದೆ. ಅಲ್ಲಿ ಆಮ್ಲಜನಕ ಪಡೆದು ಹೃದಯದ ಚೀಲಕ್ಕೆ ಮರಳುತ್ತದೆ. ಹೀಗಾಗಿ ಮೀನಿನ ಹೃದಯವು ಆಮ್ಲಜನಕ ಕಳೆದುಕೊಂಡ ರಕ್ತವನ್ನು ಕಿವಿರಿಗೆ ತಳ್ಳಿದರೆ, ಏಡಿಯ ಹೃದಯವು ಆಗಲೇ ಕಿವಿರು ದಾಟಿ ಬಂದ ರಕ್ತವನ್ನು ದೇಹಕ್ಕೆ ಹಂಚುತ್ತದೆ.

ಏಡಿಯನ್ನು ಮುರಿದು ಸ್ವಚ್ಛಮಾಡಿದವರು ಕೆಂಪು ರಕ್ತವನ್ನು ಕಂಡಿರಲಾರರು. ಕಾಲಿನ ಕೀಲಿನಿಂದ ಜಿನುಗುವುದು ಹೆಚ್ಚುಕಡಿಮೆ ಬಣ್ಣವಿಲ್ಲದ, ಗಾಳಿ ತಾಕಿದಾಗ ತುಸು ನೀಲಿಗೆ ತಿರುಗುವ ದ್ರವ. ಇದರಲ್ಲಿ ಆಮ್ಲಜನಕ ಹೊರುವ ಹೀಮೋಸಯನಿನ್ ಎಂಬ ಪ್ರೋಟೀನು ಕಬ್ಬಿಣದ ಬದಲು ತಾಮ್ರವನ್ನು ಬಳಸುತ್ತದೆ: ಎರಡು ತಾಮ್ರದ ಪರಮಾಣುಗಳ ನಡುವೆ ಆಮ್ಲಜನಕದ ಒಂದು ಅಣು ಹಿಡಿದುಕೊಳ್ಳುತ್ತದೆ. ನಮ್ಮ ಹೀಮೋಗ್ಲೋಬಿನ್ ಕೆಂಪುಕಣಗಳೊಳಗಿದ್ದರೆ, ಇದು ದ್ರವದಲ್ಲೇ ಕರಗಿರುತ್ತದೆ. ಅಂದಹಾಗೆ, ಸಿಗಡಿಯ ಬೆನ್ನು ಸೀಳಿ ತೆಗೆಯುವ ಆ ಕಪ್ಪು ನೂಲು ರಕ್ತನಾಳವಲ್ಲ, ಕರುಳು. ಬಾಲಕ್ಕೆ ರಕ್ತ ಒಯ್ಯುವ ನಾಳ ಅದರ ಮೇಲ್ಗಡೆಯೇ ಸಾಗುತ್ತದೆ, ಆದರೆ ಕಣ್ಣಿಗೆ ಬೀಳುವುದಿಲ್ಲ.

ನಾಳಗಳಿಲ್ಲದ ಕಡೆ ರಕ್ತ ಹರಿಯುವುದೆಂದರೆ ಗೊತ್ತುಗುರಿಯಿಲ್ಲದ ಏರ್ಪಾಡು ಎಂಬ ಭಾವನೆ ಪಠ್ಯಪುಸ್ತಕಗಳಿಂದ ಬಂದಿರಬಹುದು. ಅದು ಸರಿಯಲ್ಲ. ಒಂದೊಂದು ಅಪಧಮನಿಯೂ ಹೃದಯದಿಂದ ಹೊರಡುವಲ್ಲಿ ಸ್ನಾಯುಯುಕ್ತ ಕವಾಟವಿದ್ದು, ಅದಕ್ಕೆ ಪ್ರತ್ಯೇಕ ನರವಿರುತ್ತದೆ. ಕಾಲುವೆಯ ತೂಬುಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ಹಾಗೆ, ಲಾಬ್‌ಸ್ಟರ್ ಈ ಕವಾಟಗಳಿಂದ ಯಾವ ಭಾಗಕ್ಕೆ ಎಷ್ಟು ರಕ್ತ ಹೋಗಬೇಕೆಂಬುದನ್ನು ಹೊತ್ತಿಗೆ ತಕ್ಕಂತೆ ಬದಲಿಸುತ್ತದೆ. ಬಡಿತದ ಮೂಲವೂ ನಮ್ಮದಕ್ಕಿಂತ ಬೇರೆ. ಮನುಷ್ಯನ ಹೃದಯದಲ್ಲಿ ಲಯ ಹುಟ್ಟುವುದು ಸ್ನಾಯುವಿನಲ್ಲೇ. ಲಾಬ್‌ಸ್ಟರ್‌ನ ಹೃದಯಸ್ನಾಯುವಾದರೋ ನರದ ಆಜ್ಞೆಗಾಗಿ ಕಾಯುತ್ತದೆ. ಆ ಆಜ್ಞೆ ಕೊಡುವುದು ಹೃದಯದ ಮೇಲ್ಗೋಡೆಗೆ ಒಳಗಿನಿಂದ ಅಂಟಿಕೊಂಡಿರುವ, ಕೇವಲ ಒಂಬತ್ತು ನರಕೋಶಗಳ ಗುಂಪು: ನಾಲ್ಕು ಸಣ್ಣವು ಲಯ ಹಿಡಿದರೆ, ಐದು ದೊಡ್ಡವು ಅದನ್ನು ಸ್ನಾಯುವಿಗೆ ಮುಟ್ಟಿಸುತ್ತವೆ. ಮಿದುಳಿನ ಕಡೆಯಿಂದ ಬರುವ ನರಗಳು ಬಡಿತವನ್ನು ಹೆಚ್ಚಿಸಬಲ್ಲವು ಅಥವಾ ತಗ್ಗಿಸಬಲ್ಲವು, ಅಷ್ಟೆ. ಇಷ್ಟು ಚಿಕ್ಕ ಜಾಲವೊಂದು ಜೀವಮಾನವಿಡೀ ಲಯ ತಪ್ಪದೆ ನಡೆಯುವುದರಿಂದಲೇ ನರವಿಜ್ಞಾನಿಗಳು ದಶಕಗಳಿಂದ ಇದನ್ನು ಬಿಡದೆ ಅಭ್ಯಸಿಸುತ್ತಿದ್ದಾರೆ. ವಿಶ್ರಾಂತಿಯಲ್ಲಿರುವ ಕೆಲವು ಏಡಿಗಳು ಕಿವಿರಿಗೆ ನೀರು ಹಾಯಿಸುವುದನ್ನೂ ಹೃದಯದ ಬಡಿತವನ್ನೂ ಒಟ್ಟಿಗೇ ಕೆಲವು ನಿಮಿಷ ನಿಲ್ಲಿಸಿ, ಮತ್ತೆ ಒಟ್ಟಿಗೇ ಶುರುಮಾಡುತ್ತವೆ.

ಇಯಾನ್ ಮೆಕ್‌ಗಾ ಎಂಬ ವಿಜ್ಞಾನಿ ಅಮೆರಿಕದ ನೀಲಿ ಏಡಿಯ ನಾಳಗಳಿಗೆ ರಾಳವನ್ನು ತುಂಬಿ, ಅದು ಗಟ್ಟಿಯಾದ ಮೇಲೆ ಸುತ್ತಲಿನ ಅಂಗಾಂಶವನ್ನು ಕರಗಿಸಿ ಪಡೆದ ಅಚ್ಚುಗಳಲ್ಲಿ, ಅಪಧಮನಿಗಳು ಲೋಮನಾಳಗಳಷ್ಟು ಸೂಕ್ಷ್ಮವಾಗಿ ಕವಲೊಡೆದುದು ಕಂಡುಬಂತು. ಇಂಥ ಜೀವಿಗಳ ಪರಿಚಲನೆಯನ್ನು ಪೂರ್ತಿ ತೆರೆದದ್ದೆಂದೋ (ರಕ್ತ ನಾಳಗಳ ಹೊರಗೆ ಹರಿಯುವಂಥದು) ಪೂರ್ತಿ ಮುಚ್ಚಿದ್ದೆಂದೋ (ನಮ್ಮಲ್ಲಿಯಂತೆ ನಾಳಗಳೊಳಗೇ ಹರಿಯುವಂಥದು) ಹೇಳಲಾಗದು ಎಂಬುದು ಅವರ ತೀರ್ಮಾನ.

ಬಳಗದ ಎಲ್ಲ ಜೀವಿಗಳಿಗೂ ಇಷ್ಟು ವೈಭವವಿಲ್ಲ. ಕೆರೆಯ ನೀರಿನಲ್ಲಿರುವ ಡಾಫ್ನಿಯಾ ಎಂಬ ಅತಿ ಚಿಕ್ಕ ಜೀವಿಗೆ ಪುಟ್ಟ ಹೃದಯವಿದೆ, ಅಪಧಮನಿಗಳಿಲ್ಲ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಅದು ಹೆಚ್ಚು ಹೀಮೋಗ್ಲೋಬಿನ್ ತಯಾರಿಸಿಕೊಂಡು ಕೆಂಪಾಗುತ್ತದೆ. ಕರಾವಳಿಯ ಬಂಡೆಗಳಿಗೂ ದೋಣಿಗಳ ತಳಕ್ಕೂ ಕಚ್ಚಿಕೊಳ್ಳುವ ಬಾರ್ನಕಲ್‌ಗಳಿಗಂತೂ ಹೃದಯವೇ ಇಲ್ಲ. ಮೈಯ ಸ್ನಾಯುಗಳು ಅಲುಗಿದಂತೆಲ್ಲ ಅವುಗಳ ರಕ್ತ ಚಲಿಸುತ್ತದೆ.