ಕಟ್ಟಿದ ಕೆರೆ, ಬೇರಿಲ್ಲದ ಗಿಡ

ಬೆಂಗಳೂರಿನ ಕೆರೆಗಳನ್ನು ಯಾರಾದರೂ ‘ನೈಸರ್ಗಿಕ’ ಎಂದರೆ ನನ್ನದೊಂದು ಸಣ್ಣ ತಕರಾರಿದೆ. ಇವು ಬಹುತೇಕ ಕಟ್ಟಿದ ಕೆರೆಗಳು. ಕಣಿವೆಗೆ ಏರಿ ಹಾಕಿ, ತೂಬು ಇಟ್ಟು, ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಇಳಿಯುವಂತೆ ಮಾಡಿದವರು ಊರಿನ ಜನ. ಕೆಂಪೇಗೌಡರು ಪೇಟೆ ಕಟ್ಟಿದ ಅದೇ 16ನೇ ಶತಮಾನದಲ್ಲಿ, ಈಗಿನ ಜೆಕ್ ದೇಶದ ಟ್ರೆಬೊನ್ ಸೀಮೆಯವರೂ ದೊಡ್ಡ ದೊಡ್ಡ ಮೀನುಕೊಳಗಳನ್ನು ತೋಡುತ್ತಿದ್ದರು.

ಅಲ್ಡ್ರೊವಾಂಡ ವೆಸಿಕುಲೋಸ ಎಂಬ, ಪುಟ್ಟ ಜೀವಿಗಳನ್ನು ಹಿಡಿದು ತಿನ್ನುವ ಜಲಸಸ್ಯದ ಕತೆಗೆ ಆ ಕೊಳಗಳು ಬೇಕು. ಬೇರಿಲ್ಲ, ನೀರಿನ ಮೇಲ್ಮೈಗೆ ತುಸು ಕೆಳಗೆ ತೇಲುತ್ತದೆ. ಕಾಂಡದ ಸುತ್ತ ಚಕ್ರದ ಕಡ್ಡಿಗಳಂತೆ ಎಲೆ, ಒಂದೊಂದರ ತುದಿಗೂ ಎರಡು ಮೂರು ಮಿಲಿಮೀಟರಿನ ಬಲೆ. ನೀರುಚಿಗಟ ತಾಕಿದರೆ ಕಣ್ಣು ಮಿಟುಕಿಸುವುದರೊಳಗೆ ಬಲೆ ಮುಚ್ಚಿರುತ್ತದೆ. 1696ರಲ್ಲಿ ಇದನ್ನು ಮೊದಲು ಬರೆದಿಟ್ಟಿದ್ದೇ ಭಾರತದ ಮಾದರಿಯಿಂದ. 1875ರಲ್ಲಿ ಡಾರ್ವಿನ್ ಕೂಡ ಇದರ ಬಗ್ಗೆ ಬರೆದರು. ಒಂದು ಕಾಲಕ್ಕೆ ಯುರೋಪಿನಿಂದ ಆಸ್ಟ್ರೇಲಿಯಾವರೆಗೆ ಸುಮಾರು 380 ಕಡೆ ದಾಖಲಾಗಿದ್ದದ್ದು, ಈಚಿನ ಲೆಕ್ಕದಲ್ಲಿ ಸುಮಾರು 50ಕ್ಕೆ ಇಳಿದಿದೆ.

ಕಾರಣ ನಮಗೆ ಹೊಸದಲ್ಲ. ಈ ಗಿಡಕ್ಕೆ ಸಾರಜನಕ, ರಂಜಕ ಕಡಿಮೆಯಿರುವ ನೀರು ಬೇಕು. ಹೊಲದ ಗೊಬ್ಬರವೋ ಊರ ಕೊಳಚೆಯೋ ಸೇರಿದರೆ ಪಾಚಿ ಹಬ್ಬಿ ಮುಚ್ಚಿಬಿಡುತ್ತದೆ. ಜೊಂಡಿನ ಕಸ ಕೊಳೆಯುವ ಆಳವಿಲ್ಲದ ಅಂಚು ಮಾತ್ರ ಇದಕ್ಕೆ ಹಿತ, ಬಿಸಿಲಲ್ಲಿ ಆಹಾರ ತಯಾರಿಸಿಕೊಳ್ಳಲು ಇದಕ್ಕೆ ಅಲ್ಲಿ ಏಳುವ ಇಂಗಾಲದ ಡೈಆಕ್ಸೈಡ್ ಬೇಕು.

ಜೆಕ್ ದೇಶದಲ್ಲಿ ಗಿಡ ಅಳಿದುಹೋಗಿತ್ತು. 1990ರ ದಶಕದ ಮಧ್ಯದಿಂದ ಪೋಲೆಂಡಿನ ಗಿಡಗಳನ್ನು ತಂದು ಟ್ರೆಬೊನ್‌ನ ಹಳೆಯ ಕೊಳಗಳ ಅಂಚಿಗೂ ಸುತ್ತಲಿನ ಜೌಗಿಗೂ ಬಿಟ್ಟರು. ಕೆಲವು ಕಡೆ ಸತ್ತಿತು, ಕೆಲವು ಕಡೆ ಹರಡಿತು. ಕೊಳ ತೋಡಿದವರು ಯಾರೆಂದು ಗಿಡ ಕೇಳಲಿಲ್ಲ, ನೀರನ್ನಷ್ಟೇ ನೋಡಿತು.

ನಮ್ಮಲ್ಲಿ ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಉಳಿದ ಎಷ್ಟೋ ಕೆರೆಗಳಿಗೆ ರಾಜಕಾಲುವೆ ತರುವುದು ಕೊಳಚೆಯನ್ನೇ, ಅದನ್ನುಂಡು ಕೊಬ್ಬುವುದು ದಕ್ಷಿಣ ಅಮೆರಿಕದಿಂದ ಬಂದ ಅಂತರಗಂಗೆ. ಕೊಳಚೆಯ ಮಾತು ಎಲ್ಲರೂ ಆಡುತ್ತಾರೆ. ಅಂಚಿನ ಮಾತು ಕಡಿಮೆ. ಪುನಶ್ಚೇತನ ಎಂದು ಹೊರಟಾಗ ಬಹಳ ಸಲ ಕೆರೆಯಂಗಳವನ್ನು ಬಾಣಲೆಯ ಹಾಗೆ ಬಗೆದು, ಜೊಂಡು ಕಿತ್ತು, ಸುತ್ತ ಕಲ್ಲು ಕಟ್ಟಿ ವಾಕಿಂಗ್ ಪಾತ್ ಹಾಕುತ್ತಾರೆ. ಮೊಣಕಾಲುದ್ದ ನೀರು ನಿಲ್ಲುವ ಜಾಗವೇ ಉಳಿಯುವುದಿಲ್ಲ. ಅಲ್ಡ್ರೊವಾಂಡ ಹಾಗಿರಲಿ, ನಮ್ಮದೇ ಜವುಗುಗಿಡಗಳೂ ಬೇರೂರುವುದು ಅಲ್ಲಿಯೇ.