ಆರು ಬಸ್, ನಾಲ್ಕು ಕಂಡಿಷನ್

ನನ್ನ ಅಕ್ಕನ ಮಗಳು ಗಂಗಾವತಿಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಲೆಕ್ಕದಲ್ಲಿ ಚುರುಕು. ರೀಸನಿಂಗ್‌ನಲ್ಲಿ ಪಜಲ್ ಬಂತೆಂದರೆ ಮಾತ್ರ ಕೈ ನಿಂತುಬಿಡುತ್ತದೆ. ಹೋದ ವಾರ ರಫ್ ಶೀಟ್ ತಂದು ತೋರಿಸಿದಳು. ಬರೆದು, ಅಳಿಸಿ, ಮತ್ತೆ ಬರೆದು ಹಾಳೆ ಒಂದೆರಡು ಕಡೆ ತೂತೇ ಬಿದ್ದಿತ್ತು. "ಮಾಮಾ, ಎಲ್ಲಾ ಕಂಡಿಷನ್ ಓದೀನಿ, ಆದ್ರೂ ಬರವಲ್ದು" ಅಂದಳು.

ಓದಿದ್ದಳು, ನಿಜ. ಆದರೆ ಒಂದೊಂದನ್ನೇ ಬೇರೆ ಬೇರೆ ಓದಿದ್ದಳು. ಉತ್ತರ ಸಿಗುವುದು ಎರಡು ಕಂಡಿಷನ್ ಒಂದಕ್ಕೊಂದು ತಾಗುವ ಜಾಗದಲ್ಲಿ. ಅದನ್ನು ತೋರಿಸೋಣ ಅಂತ ನಮ್ಮೂರ ಬಸ್ ಸ್ಟ್ಯಾಂಡನ್ನೇ ಪಜಲ್ ಮಾಡಿದೆ.

ಬಳ್ಳಾರಿ, ಕೊಪ್ಪಳ, ರಾಯಚೂರು, ಸಿಂಧನೂರು, ಕುಷ್ಟಗಿ, ಹೊಸಪೇಟೆ, ಹೀಗೆ ಆರು ಬಸ್ ಒಂದಾದ ಮೇಲೆ ಒಂದು ಹೊರಡಬೇಕು. ಬಳ್ಳಾರಿಯದು ಮೂರನೆಯದು. ಸಿಂಧನೂರು ಬಸ್ ಹೊರಟ ಕೂಡಲೇ ರಾಯಚೂರಿನದು. ಕೊಪ್ಪಳದ್ದು ಸಿಂಧನೂರಿನದಕ್ಕಿಂತ ಮುಂಚೆ, ಎಷ್ಟು ಮುಂಚೆ ಅಂತ ಹೇಳಿಲ್ಲ. ಕೊನೆಯದಾಗಿ, ಕೊಪ್ಪಳದ್ದು ಮೊದಲನೆಯದಾದರೆ ಕುಷ್ಟಗಿಯದು ಆರನೆಯದು.

ಕಂಡಿಷನ್ ಇಲ್ಲದಿದ್ದರೆ ಆರು ಬಸ್‌ಗಳನ್ನು 720 ರೀತಿ ನಿಲ್ಲಿಸಬಹುದು. ಒಂದೊಂದೇ ಹಾಕಿ ನೋಡುತ್ತಾ ಕೂತರೆ ಹಾಳೆ ತೂತಾಗದೆ ಇನ್ನೇನಾಗುತ್ತದೆ? ಈಗ ಸಿಂಧನೂರು-ರಾಯಚೂರು ಜೋಡಿಯನ್ನು ಹಿಡಿಯಿರಿ. ಅದಕ್ಕೆ ಪಕ್ಕಪಕ್ಕದ ಎರಡು ಜಾಗ ಬೇಕು. 1-2 ಆಗಲ್ಲ, ಸಿಂಧನೂರಿಗಿಂತ ಮುಂಚೆ ಕೊಪ್ಪಳ ಇರಬೇಕು. 2-3, 3-4 ಕೂಡ ಆಗಲ್ಲ, ಮೂರರಲ್ಲಿ ಬಳ್ಳಾರಿ ಕೂತಿದೆ. ಉಳಿದಿದ್ದು 4-5 ಅಥವಾ 5-6, ಅಷ್ಟೇ. ಸಿಂಧನೂರು ಬಸ್ ನಾಲ್ಕನೆಯದು ಅಥವಾ ಐದನೆಯದು ಅಂತ ಯಾವ ಕಂಡಿಷನ್ನಿನಲ್ಲೂ ಬರೆದಿಲ್ಲ, ಆದರೂ ಅದು ಖಾತ್ರಿ. ಇಷ್ಟಕ್ಕೇ 720 ಹೋಗಿ 10 ಉಳಿಯುತ್ತದೆ.

ನಾಲ್ಕನೆಯ ಕಂಡಿಷನ್ 'ಆದರೆ' ಇರುವಂಥದ್ದು, ಅಂದರೆ 'ಹೀಗಾದರೆ ಹಾಗೆ' ಅನ್ನುವಂಥದ್ದು. ಜಾಸ್ತಿ ಜನ ಮುಗ್ಗರಿಸುವುದು ಇಲ್ಲೇ. ತುಂಗಭದ್ರಾ ಡ್ಯಾಂನಿಂದ ನದಿಗೆ ಜಾಸ್ತಿ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗಿ ಅದರ ಮೇಲೆ ಬಸ್ ಬಂದ್ ಆಗುತ್ತದೆ, ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಇವತ್ತು ಸೇತುವೆ ಮೇಲೆ ಬಸ್ ಓಡಾಡ್ತಿದೆ ಅಂದರೆ ನೀರು ಜಾಸ್ತಿ ಬಿಟ್ಟಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಆದರೆ ಬಸ್ ಇಲ್ಲ ಅಂದಮಾತ್ರಕ್ಕೆ ನೀರು ಬಿಟ್ಟಿದ್ದಾರೆ ಅನ್ನೋಕಾಗಲ್ಲ. ಮುಷ್ಕರ ಇರಬಹುದು, ಸೇತುವೆ ರಿಪೇರಿ ಇರಬಹುದು.

ಬಸ್ಸಿನ ವಿಷಯದಲ್ಲಿ ಇದು ಸುಲಭ ಅನ್ನಿಸುತ್ತೆ, ಅಲ್ವಾ? ಅದೇ ಮಾತನ್ನು ಅಕ್ಷರ, ಅಂಕಿಯಲ್ಲಿ ಕೇಳಿದರೆ ತಲೆ ಬೇರೆ ದಾರಿ ಹಿಡಿಯುತ್ತದೆ. ಪೀಟರ್ ವೇಸನ್ ಅನ್ನೋ ಬ್ರಿಟಿಷ್ ಮನೋವಿಜ್ಞಾನಿ 1966ರಲ್ಲಿ ಇದರ ಬಗ್ಗೆ ಬರೆದರು. ಅವರ ಪ್ರಯೋಗವನ್ನು ನಮ್ಮ ಅಕ್ಷರದಲ್ಲೇ ಹೇಳುತ್ತೇನೆ. ನಾಲ್ಕು ಕಾರ್ಡು, ಒಂದು ಕಡೆ ಅಕ್ಷರ, ಹಿಂದೆ ಅಂಕಿ. ನಿಮಗೆ ಕಾಣುತ್ತಿರುವುದು ಅ, ಕ, 4, 7. ನಿಯಮ: ಒಂದು ಕಡೆ ಸ್ವರ ಇದ್ದರೆ ಇನ್ನೊಂದು ಕಡೆ ಸಮಸಂಖ್ಯೆ ಇರಬೇಕು. ನಿಯಮ ನಿಜವೋ ಸುಳ್ಳೋ ತಿಳಿಯಲು ಯಾವ ಕಾರ್ಡು ತಿರುಗಿಸಬೇಕು? ಅ ಮತ್ತು 4 ಅನ್ನುವವರೇ ಜಾಸ್ತಿ. ಸರಿ ಉತ್ತರ ಅ ಮತ್ತು 7. ನಾಲ್ಕರ ಹಿಂದೆ ಏನಿದ್ದರೂ ನಿಯಮ ಮುರಿಯಲ್ಲ, ಏಳರ ಹಿಂದೆ ಸ್ವರ ಸಿಕ್ಕರೆ ಮುರಿಯಿತು. 1982ರಲ್ಲಿ ಅಮೆರಿಕದಲ್ಲಿ ಇಬ್ಬರು ಇದನ್ನೇ 'ಬಿಯರ್ ಕುಡಿಯುವವರಿಗೆ 19 ವರ್ಷ ಆಗಿರಬೇಕು' ಅಂತ ಬದಲಿಸಿ ಕೇಳಿದಾಗ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಜನ ಸರಿ ಹೇಳಿದರು.

ನಿಯಮವನ್ನು ತಿರುಗಿಸಿ ಓದುವುದನ್ನು ನಾನು ದಡ್ಡತನ ಅನ್ನಲ್ಲ. ಮನೆಯಲ್ಲಿ ನಾವು ಮಾತಾಡೋದೇ ಹಾಗೆ. 'ಹೋಮ್‌ವರ್ಕ್ ಮುಗಿಸಿದರೆ ಮಿರ್ಚಿ ಕೊಡಿಸ್ತೀನಿ' ಅಂದರೆ, ಮುಗಿಸದಿದ್ದರೆ ಇಲ್ಲ ಅಂತ ಮಗುವಿಗೂ ಗೊತ್ತು. ಪರೀಕ್ಷೆಯ ವಾಕ್ಯ ಅಷ್ಟು ಧಾರಾಳ ಅಲ್ಲ, ಬರೆದಷ್ಟನ್ನೇ ಹೇಳುತ್ತದೆ. ಹಾಗಾಗಿ 'ಆದರೆ' ಕಂಡ ಕೂಡಲೇ ಅದರ ಕೆಳಗೆ ಇನ್ನೊಂದು ಸಾಲು ಬರೆದುಕೊಳ್ಳಬೇಕು: ಕುಷ್ಟಗಿ ಆರನೆಯದಲ್ಲದಿದ್ದರೆ ಕೊಪ್ಪಳ ಮೊದಲನೆಯದಲ್ಲ. ಅರ್ಥ ಒಂದೇ, ಆದರೆ ಕೆಲಸಕ್ಕೆ ಬರುವುದು ಹೆಚ್ಚಾಗಿ ಈ ಎರಡನೇ ಸಾಲೇ. ತಲೆಯಲ್ಲೇ ಇಟ್ಟುಕೊಳ್ತೀನಿ ಅನ್ನಬೇಡಿ, ಒಂದೇ ಹೊತ್ತಿಗೆ ನಾವು ಮನಸ್ಸಲ್ಲಿ ಹಿಡಿಯೋದು ಸುಮಾರು ನಾಲ್ಕು ಸಂಗತಿ ಅಂತ ಸಂಶೋಧಕರು ಹೇಳುತ್ತಾರೆ.

ಇದೂ ಸೇರಿದಾಗ 10 ಇದ್ದದ್ದು 7ಕ್ಕೆ ಇಳಿಯಿತು. ರಾಯಚೂರು ಆರಕ್ಕೆ ಹೋದರೆ ಅಲ್ಲಿ ಕುಷ್ಟಗಿ ಇರಲಾರದು, ಅಲ್ಲಿಗೆ ಕೊಪ್ಪಳ ಮೊದಲನೆಯದಾಗಲ್ಲ.

ಆಮೇಲೆ ಒಂದೇ ಪ್ರಶ್ನೆ ಕೇಳಿದೆ: ಹೊಸಪೇಟೆ ಬಸ್ ಕೊನೆಯದಾದರೆ? ಅವಳು ರಬ್ಬರ್ ಪಕ್ಕಕ್ಕಿಟ್ಟಳು. ಆರನೆಯದು ಹೊಸಪೇಟೆ, ಅಂದರೆ ಜೋಡಿ 4-5ಕ್ಕೆ. ಕುಷ್ಟಗಿ ಆರರಲ್ಲಿ ಇಲ್ಲ, ಅಂದರೆ ಕೊಪ್ಪಳ ಒಂದರಲ್ಲಿ ಇಲ್ಲ. ಕುಷ್ಟಗಿ, ಕೊಪ್ಪಳ, ಬಳ್ಳಾರಿ, ಸಿಂಧನೂರು, ರಾಯಚೂರು, ಹೊಸಪೇಟೆ. ಒಂದೇ ಸಾಲಲ್ಲಿ ಬರೆದು, "ಬ್ಯಾರೆ ಯಾವ್ದೂ ಬರಂಗೇ ಇಲ್ಲ ಮಾಮಾ" ಅಂದಳು.