ಆಟದ ತರಗತಿಯಲ್ಲಿ ಮಕ್ಕಳ ಮಾತು ಬೆಳೆಸುವುದು ಹೇಗೆ?

ಆಟದ ಮೂಲಕ ನಡೆಯುವ ವರ್ಚುವಲ್ ತರಗತಿಗೆ ಸೇರಿದ ಮಗು ನಾಲ್ಕು ಜನರ ಜತೆ ಬೆರೆಯುವುದನ್ನು ಕಲಿಯುತ್ತದೋ, ಮರೆಯುತ್ತದೋ? ಅದು ನಿಂತಿರುವುದು ಯಾವ ಆಟ ಎನ್ನುವುದರ ಮೇಲಲ್ಲ. ದನಿ ಎಷ್ಟು ಬೇಗ ತಲುಪುತ್ತದೆ, ಕೆಲಸ ಹೇಗೆ ಹಂಚಿದ್ದೀರಿ ಎನ್ನುವುದರ ಮೇಲೆ.

ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸಾಮಾನ್ಯವಾಗಿ ಸುಮಾರು 200 ಮಿಲಿಸೆಕೆಂಡ್. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ದನಿ 150 ಮಿಲಿಸೆಕೆಂಡಿನೊಳಗೆ ಆಚೆ ತಲುಪಿದರೆ ತೊಂದರೆಯಿಲ್ಲ, 400 ದಾಟಬಾರದು. ಹೊಸನಗರ, ತೀರ್ಥಹಳ್ಳಿ ಕಡೆಯ ಒಳ ಊರುಗಳಲ್ಲಿ ಒಂದು ಗೆರೆ ಸಿಗ್ನಲ್ ಇದ್ದಾಗ ಅದು ದಾಟಿಬಿಡಬಹುದು. ಆಗ ಇಬ್ಬರು ಒಟ್ಟಿಗೆ ಮಾತು ಶುರು ಮಾಡಿ, ಒಟ್ಟಿಗೇ ನಿಲ್ಲಿಸಿ, ಮತ್ತೆ ಒಟ್ಟಿಗೇ ಶುರು ಮಾಡುತ್ತಾರೆ. ನಾಲ್ಕೈದು ಸಲ ಹೀಗಾದರೆ ಸಂಕೋಚದ ಮಗು ಮೈಕ್ ಆಫ್ ಮಾಡಿ ಕೂರುತ್ತದೆ. ಮೇಷ್ಟ್ರಿಗೆ ಅದು ಆಸಕ್ತಿಯಿಲ್ಲದ ಮಗುವಾಗಿ ಕಾಣುತ್ತದೆ.

ಆದ್ದರಿಂದ ಮಲೆನಾಡಿನ ಶಾಲೆಗಳಿಗೆ ನಮ್ಮ ಸಲಹೆ: ಆಟ ವರ್ಚುವಲ್ ಇರಲಿ, ಮಕ್ಕಳು ಒಂದೇ ಕೋಣೆಯಲ್ಲಿರಲಿ. 2024ರವರೆಗೆ ಮೈನ್‌ಟೆಸ್ಟ್ ಎಂದಿದ್ದ, ಈಗ ಲುವಾಂಟಿ ಆಗಿರುವ, ಮಣ್ಣು-ಕಲ್ಲಿನ ಚೌಕಗಳನ್ನು ಅಗೆದು ಕಟ್ಟುವ ಆಟಗಳ ಉಚಿತ ತಂತ್ರಾಂಶ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಒಂದು ಹಳೇ ಲ್ಯಾಪ್‌ಟಾಪ್, ಒಂದು ವೈಫೈ ರೂಟರ್, ಮೂರ್ನಾಲ್ಕು ಆಂಡ್ರಾಯ್ಡ್ ಫೋನ್ ಸಾಕು. ಲ್ಯಾಪ್‌ಟಾಪಿಗೆ ತಂತ್ರಾಂಶವಲ್ಲದೆ ಅದರೊಳಗಿನ ಆಟವನ್ನೂ ಬೇರೆಯಾಗಿ ಇಳಿಸಿಕೊಳ್ಳಬೇಕು. ಶಿವಮೊಗ್ಗಕ್ಕೆ ಹೋದಾಗ ಮುಗಿಸಿಕೊಂಡು ಬನ್ನಿ. ಎಲ್ಲದರಲ್ಲೂ ಒಂದೇ ಆವೃತ್ತಿ ಇರಲಿ. ಲ್ಯಾಪ್‌ಟಾಪಿನಲ್ಲಿ ಸರ್ವರ್ (ಎಲ್ಲರೂ ಬಂದು ಸೇರುವ ಆಟ) ಶುರು ಮಾಡಿ, ಫೋನಿನಲ್ಲಿ ಅದರ ಐಪಿ ವಿಳಾಸ (ವೈಫೈಯಲ್ಲಿ ಅದನ್ನು ಗುರುತಿಸುವ ಅಂಕಿಗಳು), ಪೋರ್ಟ್ (ಆಟದ ಬಾಗಿಲಿನ ಸಂಖ್ಯೆ) 30000 ಕೊಟ್ಟರೆ ಮಗು ಆಟದೊಳಗೆ. ಸೇರಲಾಗದಿದ್ದರೆ ಮೊದಲು ಲ್ಯಾಪ್‌ಟಾಪಿನ ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ಕಾವಲು) ನೋಡಿ, ಆ ಪೋರ್ಟಿನಲ್ಲಿ ಯುಡಿಪಿಗೆ (ಆಟ ಮಾಹಿತಿ ಕಳಿಸುವ ವಿಧಾನ) ದಾರಿ ಬಿಡಬೇಕು. ಆಮೇಲೆ ರೂಟರ್: ಗೆಸ್ಟ್ ನೆಟ್‌ವರ್ಕ್‌ನಲ್ಲಿ ಸಾಮಾನ್ಯವಾಗಿ ಒಂದು ಸಾಧನಕ್ಕೆ ಇನ್ನೊಂದು ಕಾಣುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಐಪಿ ಬದಲಾಗಿರಬಹುದು, ಅದನ್ನು ರೂಟರಿನಲ್ಲೇ ಕಾಯಂ ಮಾಡಿಡಿ.

"ಎಲ್ಲರೂ ಸೇರಿ ಮನೆ ಕಟ್ಟಿ" ಎಂದರೆ ಜೋರಿನ ಹುಡುಗ ಕಟ್ಟುತ್ತಾನೆ, ಉಳಿದವರು ಸುಮ್ಮನೆ ಅಲೆಯುತ್ತಾರೆ. ಬದಲಿಗೆ ಅಡಿಕೆ ತೋಟದ ಬಸಿಗಾಲುವೆ ಕೊಡಿ. ನಕ್ಷೆಯ ಕಾಗದ ಒಬ್ಬಳ ಕೈಯಲ್ಲಿ ಮಾತ್ರ. ಆಟದಲ್ಲಿ ಅವಳ 'ಇಂಟರಾಕ್ಟ್' ಅನುಮತಿ ತೆಗೆದಿಡಿ, ಓಡಾಡಬಹುದು, ಅಗೆಯಲಾಗದು. ಪಿಕಾಸಿ ಒಬ್ಬನಿಗೆ, ಅಂಚು ಕಟ್ಟುವ ಕಲ್ಲು ಇನ್ನೊಬ್ಬನಿಗೆ. ಮಣ್ಣನ್ನು ಬರಿಗೈಯಲ್ಲೂ ಅಗೆಯಬಹುದು, ಹಾಗಾಗಿ ಕಾಲುವೆಯ ದಾರಿಯಲ್ಲಿ ಬಂಡೆ ಇರಬೇಕು. ಕ್ರಿಯೇಟಿವ್ ಮೋಡ್ ಬೇಡ; ಅದರಲ್ಲಿ ಎಲ್ಲರಿಗೂ ಎಲ್ಲವೂ ಸಿಕ್ಕಿ, ಯಾರಿಗೂ ಯಾರೂ ಬೇಕಾಗುವುದಿಲ್ಲ.

"ಅಲ್ಲಿ ಇಡು ಮಾರಾಯ!" ಎನ್ನುತ್ತಾಳೆ ನಕ್ಷೆಯವಳು. ಕಲ್ಲು ತಪ್ಪು ಜಾಗಕ್ಕೆ ಬೀಳುತ್ತದೆ. ಎರಡು ಸಲ ಕೆಟ್ಟ ಮೇಲೆ ಕೇಳುತ್ತಾಳೆ: "ನೀ ಈಗ ಯಾವ ಕಡೆ ಮುಖ ಮಾಡಿದೀಯ?" ಎದುರಿನವರ ಜಾಗದಲ್ಲಿ ನಿಂತು ನೋಡುವುದು ಶುರುವಾಗುವುದು ಈ ಪ್ರಶ್ನೆಯಿಂದ. ಹತ್ತು ನಿಮಿಷಕ್ಕೊಮ್ಮೆ ನಕ್ಷೆ ಕೈ ಬದಲಾಗಲಿ.

ಐದು ದಿನ ಪರದೆಯಿಲ್ಲದ ಶಿಬಿರದಲ್ಲಿದ್ದ ಕ್ಯಾಲಿಫೋರ್ನಿಯಾದ 51 ಮಕ್ಕಳು ಮುಖಭಾವ ಓದುವುದರಲ್ಲಿ ಎಂದಿನಂತೆ ಪರದೆ ನೋಡುತ್ತಿದ್ದ ಮಕ್ಕಳಿಗಿಂತ ಹೆಚ್ಚು ಸುಧಾರಿಸಿದರು ಎಂದು 2014ರ ಅಧ್ಯಯನವೊಂದು ತೋರಿಸಿತು. ಪರದೆ ಇಲ್ಲದ್ದರಿಂದಲೋ, ಹಗಲಿರುಳು ಜತೆಗಿದ್ದುದರಿಂದಲೋ ಅದರಿಂದ ಬಿಡಿಸಿ ಹೇಳಲಾಗದು. ಏನೇ ಇರಲಿ, 40 ನಿಮಿಷದ ಪೀರಿಯಡ್ಡಿನಲ್ಲಿ ಕೊನೆಯ 15 ನಿಮಿಷ ಫೋನ್ ಬೋರಲಾಗಿಟ್ಟು ಮಾತಾಡಲು ಬಿಡಲೇಬೇಕು. ಜಗಳ ಹೊರಬರುವುದೂ ಆಗಲೇ: "ನನ್ನ ಕಟ್ಟೆ ಒಡೆದಿದ್ದು ಯಾರು?" ಮೊದಲೇ ರೋಲ್‌ಬ್ಯಾಕ್ ದಾಖಲಾತಿ (ಆಟದಲ್ಲಿ ಯಾರು ಏನು ಬದಲಿಸಿದರು ಎಂದು ಬರೆದಿಡುವ ವ್ಯವಸ್ಥೆ) ಆನ್ ಮಾಡಿದ್ದರೆ ಒಡೆದವರ ಹೆಸರು ಮೇಷ್ಟ್ರಿಗೆ ಸಿಗುತ್ತದೆ. ಆದರೂ ಆ ಹೆಸರನ್ನು ತಕ್ಷಣ ಹೇಳಬೇಡಿ, ಮಕ್ಕಳೇ ಮೊದಲು ಕೇಳಿ ಬಗೆಹರಿಸಿಕೊಳ್ಳಲಿ.